ಬಿದ್ದದ್ದೋ, ಬೀಳಿಸಿದ್ದೋ

ನಮ್ಮ ಸ್ಕ್ಯಾನಿಂಗ್ ಸೆಂಟರಿನ ಗೇಟಿಗೆ ಕಟ್ಟಿರುವ ಫ್ಲೆಕ್ಸಿನಲ್ಲಿ ಅವರು ನಗುತ್ತಿದ್ದಾರೆ. ಜೊತೆಯಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಅವರು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿಲ್ಲ. ಅದು ಯಾರದೋ ಮದುವೆಯಲ್ಲಿ ತೆಗೆದ ಫೋಟೋ. ಪಕ್ಕದಲ್ಲಿದ್ದವರನ್ನು ಕತ್ತರಿಸಿ ತೆಗೆಯುವ ಅವಸರದಲ್ಲಿ ಯಾರದೋ ಬೆರಳುಗಳು ಅವರ ಭುಜದ ಮೇಲೆ ಉಳಿದುಬಿಟ್ಟಿವೆ. ಕೆಳಗೆ ‘ಬಡವರ ಪಾಲಿನ ದೇವತೆಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದಿದೆ. ಅವರನ್ನು ಇದೇ ಗೇಟಿನಿಂದ ಹೊರಗೆ ಕಳಿಸಿದ ಮಾಲೀಕರೇ ಇದನ್ನು ಹಾಕಿಸಿದವರು. ಬೆಳಿಗ್ಗೆ ಬಂದು, ಫ್ಲೆಕ್ಸು ನೆಟ್ಟಗೆ ಕಟ್ಟಿದ್ದಾರೋ ಇಲ್ಲವೋ ಎಂದು ದೂರದಿಂದ ನೋಡಿ, ನನ್ನನ್ನು ಕರೆದರು.

“ನೀನು ಅವರ ಜೊತಿ ಬಾಳ ದಿನ ಇದ್ದಾಕಿ. ಸಂಜಿಗೆ ಸಭಿ ಇಟ್ಟೀವಿ. ಎರಡು ಮಾತು ಹೇಳಮ್ಮ.”

ನನಗೆ ಮಾತಾಡಲು ಬರುವುದಿಲ್ಲ ಎಂದೆ. ಅವರು ತಕ್ಷಣ ನಂಬಿದರು. ಮಾತು ಕಡಿಮೆ ಇರುವುದರಿಂದ ಇದೊಂದು ಅನುಕೂಲ. ಸಭೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು; ಇಲ್ಲಿಯೂ ಅದೇ ಸಾಕು.

ಸೆಂಟರ್ ಇರುವುದು ಹರಪನಹಳ್ಳಿಯಲ್ಲಿ, ಮಾಲೀಕರದೇ ಬೀಜ ಗೊಬ್ಬರದ ಅಂಗಡಿಯ ಹಿಂದೆ. ಸಿ.ಟಿ. ಯಂತ್ರ ನಡೆಸುವುದು ನನ್ನ ಕೆಲಸ. ಅದು ತೆಗೆದ ಚಿತ್ರಗಳನ್ನು ನೋಡಿ, ದೇಹದೊಳಗೆ ಏನಾಗಿದೆ ಎಂದು ಬರೆದುಕೊಡುವ ಡಾಕ್ಟರು ಮೇಡಂ. ಕೊಟ್ಟೂರಿನವರು. ಅವರ ತಂದೆಗೆ ಅಲ್ಲಿ ಲಾರಿ ಗ್ಯಾರೇಜ್ ಇತ್ತು. ಮೊದಲ ವಾರ ನಾನು ತಪ್ಪು ಮಾಡಿದಾಗ ಅವರು ಬೈಯಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ, “ನಮ್ಮ ಅಬ್ಬಾ ಬಾನೆಟ್ ಬಿಚ್ಚಿ ನೋಡ್ತಿದ್ರು, ನಾನು ಬಿಚ್ಚದ ನೋಡ್ತೀನಿ. ಅವರು ತಪ್ಪಿದ್ರ ಲಾರಿ ರಸ್ತ್ಯಾಗ ನಿಲ್ತಿತ್ತು. ನಾವು ತಪ್ಪಿದ್ರ ಮನುಷ್ಯ ಮನ್ಯಾಗ ನಿಲ್ತಾನ” ಎಂದರು. ಬೈದಿದ್ದರೆ ವಾಸಿಯಿತ್ತು.

ನಮ್ಮನ್ನು ಊರಿನ ಹೆಸರಿನಿಂದ ಕರೆಯುತ್ತಿದ್ದರು. ನಾನು ಹಡಗಲಿ, ನರ್ಸು ಕೂಡ್ಲಿಗಿ. “ಏ ಕೂಡ್ಲಿಗಿ, ಇದು ಮಷಿನ್ ಕೋಣಿ, ಸಂತಿ ಅಲ್ಲ. ತಿನ್ನೋದಿದ್ರ ಹೊರಗ ಹೋಗು” ಎಂದು ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡೇ ಗದರಿಸುತ್ತಿದ್ದರು. ಹೊರಗೆ ರಸ್ತೆಯ ಡಾಂಬರು ಕರಗುವ ಬೇಸಿಗೆಯಲ್ಲೂ ಆ ತಣ್ಣನೆಯ ಕೋಣೆಯಲ್ಲಿ ಕಂದು ಸ್ವೆಟರ್ ಹಾಕಿ ಕುಳಿತಿರುತ್ತಿದ್ದರು. ಯಾರನ್ನೂ ಹೊಗಳುತ್ತಿರಲಿಲ್ಲ. ಕೆಲಸ ಸರಿಯಾಗಿದ್ದರೆ ಮುಂದಿನ ಕೆಲಸ ಹೇಳುತ್ತಿದ್ದರು, ಅಷ್ಟೇ.

ಅಪಘಾತದ ಹೊಟ್ಟೆಗಳು ಬಂದಾಗ ಮಾತ್ರ ಅವರು ಬೇರೆ ಮನುಷ್ಯರಾಗುತ್ತಿದ್ದರು. ನಮ್ಮ ಕಡೆ ಇಂಥವು ಬಹಳ. ಬೈಕಿನ ಹ್ಯಾಂಡಲ್ ತಿವಿದದ್ದು, ಟ್ರ್ಯಾಕ್ಟರಿನ ಸ್ಟೇರಿಂಗ್ ಒತ್ತಿದ್ದು, ಎತ್ತು ಒದ್ದದ್ದು, ಮೆಕ್ಕೆಜೋಳದ ಚೀಲ ಮೈಮೇಲೆ ಉರುಳಿದ್ದು. ಹೊರಗೆ ತರಚಿದ ಗಾಯವೂ ಇರುವುದಿಲ್ಲ. ಲಿವರ್, ಗುಲ್ಮ ಒಡೆದಿದ್ದರೆ ಯಾರಿಗಾದರೂ ಕಾಣುತ್ತದೆ, ರಕ್ತ ತುಂಬಿರುತ್ತದೆ. ಕರುಳಿನ ಗಾಯ ಹಾಗಲ್ಲ. ಅದು ಮೊದಲ ದಿನ ಅಡಗಿ ಕುಳಿತಿರುತ್ತದೆ.

ಅದನ್ನು ಅವರು ನನಗೆ ವಿವರಿಸಿದ್ದು ತಮ್ಮ ಸೀರೆ ಹಿಡಿದು. “ಸೀರಿ ಅಂಚು ಐತಲ್ಲ, ಅದು ಕರುಳು. ನೆರಿಗಿ ಐತಲ್ಲ, ಅದು ಕರುಳನ್ನ ಬೆನ್ನಿಗೆ ಹಿಡಕೊಂಡಿರೋ ಪೊರಿ. ರಕ್ತ ಎಲ್ಲಾ ನೆರಿಗಿ ಒಳಗಿಂದ ಅಂಚಿಗೆ ಹೋಗಬೇಕು. ಹೊಡತ ಬಿದ್ದಾಗ ನೆರಿಗಿ ಒಳಗ ಹರದಿದ್ರ ನಿಂತಾಕಿಗೆ ಗೊತ್ತಾಗಂಗಿಲ್ಲ. ನಡದಾಗ ಗೊತ್ತಾಗತೈತಿ.” ಅಂಥ ಹರಿದ ಜಾಗದಲ್ಲಿ ನೆರಿಗೆ ನೆರಿಗೆಯ ನಡುವೆ ಸ್ವಲ್ಪ ದ್ರವ ನಿಲ್ಲುತ್ತದೆ. ಚಿತ್ರದಲ್ಲಿ ಅದು ಪುಟ್ಟ ತ್ರಿಕೋನದಂತೆ ಕಾಣುತ್ತದೆ. ಸುತ್ತಲಿನ ಕೊಬ್ಬು ಹೊಗೆ ಕೂತ ಗೋಡೆಯಂತೆ ಮಂಕಾಗಿರುತ್ತದೆ. ಅವರ ಬೆರಳು ಪರದೆಯ ಮೇಲೆ ಹುಡುಕುತ್ತಿದ್ದದ್ದು ಆ ಮಂಕನ್ನು, ಆ ತ್ರಿಕೋನವನ್ನು.

ಇನ್ನೊಂದು ಮಾತಿತ್ತು: “ಹೊಟ್ಟೀನ ಎದಿ ಕಿಟಕಿಯಿಂದ ನೋಡು.” ಪರದೆಯ ಬೆಳಕನ್ನು ಎಲುಬಿಗೆ ಒಂದು ರೀತಿ, ಶ್ವಾಸಕೋಶಕ್ಕೆ ಒಂದು ರೀತಿ ಹೊಂದಿಸುತ್ತೇವೆ. ಅದಕ್ಕೆ ವಿಂಡೋ ಎನ್ನುತ್ತಾರೆ; ಅವರು ಕಿಟಕಿ ಎಂದೇ ಅನ್ನುತ್ತಿದ್ದರು. ಶ್ವಾಸಕೋಶದ ಕಿಟಕಿಯಿಂದ ಹೊಟ್ಟೆಯನ್ನು ನೋಡಿದರೆ, ತೂತಾದ ಕರುಳಿನಿಂದ ತಪ್ಪಿಸಿಕೊಂಡ ಒಂದು ಸಣ್ಣ ಗಾಳಿಗುಳ್ಳೆಯೂ ಕಾಣುತ್ತದೆ. ಅದನ್ನು ನಾನು ಮರೆತ ದಿನವಿಲ್ಲ.

ಇಷ್ಟು ನೋಡಿಯೂ ಅವರು ‘ನಾರ್ಮಲ್’ ಎಂಬ ಪದ ಬರೆಯುತ್ತಿರಲಿಲ್ಲ. ಏನೂ ಇಲ್ಲದ ಹೊಟ್ಟೆಗೂ ‘ಈಗ ಗಾಯ ಕಾಣುತ್ತಿಲ್ಲ, ನೋವು ಹೆಚ್ಚಿದರೆ ಮತ್ತೆ ನೋಡಬೇಕು’ ಎಂದೇ ಬರೆಯುತ್ತಿದ್ದರು. ಇದು ಊರಿನ ಡಾಕ್ಟರುಗಳಿಗೆ ತಮಾಷೆಯ ವಸ್ತು. ನಮ್ಮ ಕಡೆ ಹಿಂದೆ ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಮೇಡಂಗೆ ‘ನಾಳಿ ಬಾ ಡಾಕ್ಟರು’ ಎಂದು ಹೆಸರು ಬಿತ್ತು. ರೋಗಿಗಳ ಕಡೆಯವರಿಗೆ ಅದು ತಮಾಷೆಯಲ್ಲ, ಸಿಟ್ಟು. ಬೈಕಿನಿಂದ ಬಿದ್ದ ಮಗನನ್ನು ಕರೆತಂದಿದ್ದ ಒಬ್ಬ ಮುದುಕ ಕೌಂಟರಿನ ಮುಂದೆ ಜಗಳಕ್ಕೆ ನಿಂತ.

“ಐತಿ ಅಂತ ಹೇಳ್ರಿ, ಇಲ್ಲಾ ಇಲ್ಲ ಅಂತ ಹೇಳ್ರಿ. ಕಾಣವಲ್ದು ಅಂದ್ರ ಏನ್ರಿ? ಕಣ್ಣಿನ ದವಾಖಾನಿಗೆ ನೀವು ಹೋಗಬೇಕೋ, ನಾವು ಹೋಗಬೇಕೋ?”

“ಅಜ್ಜಾರ,” ಎಂದರು ಮೇಡಂ, “ನಿಮ್ಮ ಹೊಲದಾಗ ಇವತ್ತು ಬಿತ್ತಿದ್ದು ಇವತ್ತ ಕಾಣತೈತೇನು?”

“ಕಾಣಂಗಿಲ್ಲ.”

“ಹಂಗಂತ ಇಲ್ಲ ಅಂತೀರೇನು? ನಾಳಿ ಬರ್ರಿ.”

ಮುದುಕ ಗೊಣಗುತ್ತಲೇ ಮಗನನ್ನು ಹರಪನಹಳ್ಳಿಯಲ್ಲೇ ಉಳಿಸಿಕೊಂಡ. ಮರುದಿನವೂ ಏನೂ ಕಾಣಲಿಲ್ಲ. ಎರಡು ಸಲ ಸ್ಕ್ಯಾನ್ ಮಾಡಿಸಿದರೆಂದು ಊರೆಲ್ಲ ಹೇಳಿಕೊಂಡು ತಿರುಗಿದ. ಇಂಥದ್ದೇ ಹೆಚ್ಚು. ಅವರ ಎಚ್ಚರಿಕೆ ಸುಳ್ಳಾದಾಗಲೆಲ್ಲ ಊರು ನೆನಪಿಟ್ಟುಕೊಂಡಿತು.

‘ನಾರ್ಮಲ್’ ಎಂಬ ಪದ ಬಿಟ್ಟದ್ದೇಕೆಂದು ಒಮ್ಮೆ ಹೇಳಿದರು. ಅವರು ಬೇರೆಲ್ಲೋ ಕೆಲಸಕ್ಕಿದ್ದಾಗ, ಗಂಡ ಹೊಟ್ಟೆಗೆ ಒದ್ದನೆಂದು ತವರಿಗೆ ಬಂದಿದ್ದವಳೊಬ್ಬಳ ಸ್ಕ್ಯಾನಿಗೆ ‘ನಾರ್ಮಲ್’ ಎಂದು ಬರೆದುಕೊಟ್ಟಿದ್ದರಂತೆ. ಗಾಯ ನಿಜವಾಗಿಯೂ ಇರಲಿಲ್ಲ. ಗಂಡನ ಕಡೆಯವರು ಆ ಹಾಳೆಯನ್ನು ಊರ ಕಟ್ಟೆಯ ಮೇಲೆ ಹಿರಿಯರ ಮುಂದೆ ಹಿಡಿದರು. ‘ಒದ್ದಿದ್ರ ಅಷ್ಟು ದೊಡ್ಡ ಮಷಿನ್‌ಗೆ ಕಾಣ್ತಿರಲಿಲ್ಲೇನು? ನಾರ್ಮಲ್ ಅಂತ ಬರದೈತಿ ನೋಡ್ರಿ.’ ಹಿರಿಯರು ತಲೆದೂಗಿ, ಸುಳ್ಳು ಹೇಳಿದ್ದಕ್ಕೆ ಅವಳಿಂದಲೇ ತಪ್ಪೊಪ್ಪಿಗೆ ಮಾಡಿಸಿ ಗಂಡನ ಮನೆಗೆ ಕಳಿಸಿದರು.

“ಒಳಗ ಗಾಯ ಇಲ್ಲ ಅಂತ ನಾನು ಬರದೆ,” ಎಂದರು ಮೇಡಂ. “ಹೊಡತಾನ ಬಿದ್ದಿಲ್ಲ ಅಂತ ಅವರು ಓದಿದ್ರು.”

ಅಂದಿನಿಂದ ಅವರಿಗೆ ಇನ್ನೊಂದು ಪದ್ಧತಿಯೂ ಬಂದಿತ್ತು. ಹೊಟ್ಟೆಗೆ ಪೆಟ್ಟಾದ ಹೆಂಗಸರು ಬಂದರೆ, ಜೊತೆಗೆ ಬಂದವರನ್ನೆಲ್ಲ ‘ಮಷಿನಿನ ಕಿರಣ ತಾಗತೈತಿ’ ಎಂದು ಹೊರಗೆ ಕಳಿಸಿ, ಬಾಗಿಲು ಹಾಕಿ, ಒಂದೇ ಪ್ರಶ್ನೆ ಕೇಳುತ್ತಿದ್ದರು: “ಬಿದ್ದದ್ದೋ, ಬೀಳಿಸಿದ್ದೋ?” ದನಿಯಲ್ಲಿ ಕರುಣೆ ಇರುತ್ತಿರಲಿಲ್ಲ. ಎಡವೋ ಬಲವೋ ಎಂದು ಕೇಳುವಂತೆ ಕೇಳುತ್ತಿದ್ದರು. ಅದಕ್ಕೇ ಇರಬೇಕು, ಕೆಲವರು ಉತ್ತರ ಕೊಡುತ್ತಿದ್ದರು. ಬೀಳಿಸಿದ್ದು ಎಂದವರ ವಿಷಯವನ್ನು ನಿಯಮದಂತೆ ಪೊಲೀಸರಿಗೆ ತಾವೇ ತಿಳಿಸುತ್ತಿದ್ದರು. ಮಾಲೀಕರಿಗೆ ಇದು ಹಿಡಿಸುತ್ತಿರಲಿಲ್ಲ. “ಮೇಡಂ, ನಮ್ಮದು ಸ್ಕ್ಯಾನಿಂಗ್ ಸೆಂಟರ್. ಠಾಣಾ ಅಲ್ರಿ” ಎಂದು ಅವರು ಹೇಳಿದಾಗ, “ಅದಕ್ಕ ಠಾಣಾಕ್ಕ ಫೋನ್ ಮಾಡ್ತೀನ್ರಿ” ಎಂದಿದ್ದರು.

ನಮ್ಮ ತಾಲ್ಲೂಕಿನದೇ ಅರಸೀಕೆರೆಯ ಕಡೆಯ ಹಳ್ಳಿಯೊಂದರಿಂದ ಆ ಹೆಂಗಸು ಬಂದದ್ದು ಹೀಗಿರುವಾಗಲೇ. ವಯಸ್ಸು ನನ್ನದೇ ಇರಬಹುದು. ಜೊತೆಗೆ ಗಂಡ ಮತ್ತು ಅತ್ತೆ. ಹಿಂದಿನ ಸಂಜೆ ಬಚ್ಚಲಲ್ಲಿ ಜಾರಿ ಬಿದ್ದಳೆಂದು ಅತ್ತೆ ಹೇಳಿದಳು. ಗಂಡ ಫೋನು ನೋಡುತ್ತಿದ್ದ. ಟ್ರ್ಯಾಕ್ಟರ್ ಇಟ್ಟುಕೊಂಡ, ಊರಲ್ಲಿ ನಾಲ್ಕು ಜನ ಮಾತು ಕೇಳುವಂಥ ಆಸಾಮಿ. ಮಾಲೀಕರ ಅಂಗಡಿಗೂ ಬಂದು ಹೋಗುವವನು.

ಅವರನ್ನು ಹೊರಗೆ ಕಳಿಸಿ ಮೇಡಂ ಎಂದಿನಂತೆ ಕೇಳಿದರು. ಅವಳು ಬಾಗಿಲು ನೋಡಿದಳು.

“ಬಚ್ಚಲದಾಗ ಬಿದ್ದೆ.”

ಹೊಕ್ಕುಳಿನ ಮೇಲೆ ಒಂದು ನೀಲಿ ಗುರುತಿತ್ತು, ಅರ್ಧ ಚಂದ್ರನಂತೆ. ಮೇಡಂ ಅದನ್ನು ಮುಟ್ಟಲಿಲ್ಲ. ರೋಗಿಗಳನ್ನು ಅವರು ಮುಟ್ಟುತ್ತಿರಲಿಲ್ಲ. ‘ನಾನು ಚಿತ್ರದ ಡಾಕ್ಟರು, ಮೈ ಮುಟ್ಟೋ ಡಾಕ್ಟರು ಬ್ಯಾರೆ’ ಎನ್ನುತ್ತಿದ್ದರು. ಬಗ್ಗಿ ನೋಡಿ, “ನಿಮ್ಮ ಬಚ್ಚಲಕ್ಕ ಹಿಮ್ಮಡಿ ಐತೇನು?” ಎಂದರು.

ಅವಳ ತುಟಿಯ ತುದಿಯಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. “ಈಗ ಬ್ಯಾಡ್ರಿ ಅಕ್ಕಾರ. ಮಗಳು ಮನ್ಯಾಗ ಅದಾಳ” ಎಂದಳು.

ಮೇಡಂ ಮತ್ತೆ ಕೇಳಲಿಲ್ಲ. ಸ್ಕ್ಯಾನ್ ಮಾಡಿದೆವು. ಲಿವರ್, ಗುಲ್ಮ, ಮೂತ್ರಪಿಂಡ ಎಲ್ಲ ಚೆನ್ನಾಗಿದ್ದವು. ಗಾಳಿ ಎಲ್ಲೂ ತಪ್ಪಿಸಿಕೊಂಡಿರಲಿಲ್ಲ. ಆದರೆ ನೆರಿಗೆಗಳ ನಡುವೆ ಆ ತ್ರಿಕೋನ ಇತ್ತು, ಪಕ್ಕದ ಕೊಬ್ಬು ಮಂಕಾಗಿತ್ತು. ಮೇಡಂ ಕುರ್ಚಿ ಹಿಂದಕ್ಕೆ ತಳ್ಳಿ ಬಹಳ ಹೊತ್ತು ನೋಡಿದರು. ಕರುಳಿಗೆ ಅಥವಾ ಅದರ ಪೊರೆಗೆ ಪೆಟ್ಟಾಗಿರುವ ಶಂಕೆ ಬಲವಾಗಿದೆ, ಈಗಲೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಸೇರಿಸಬೇಕು, ಕೆಲವು ಗಂಟೆ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಬೇಕು ಎಂದು ಬರೆದರು. ಪೆಟ್ಟಿನ ಕಾರಣದ ಜಾಗದಲ್ಲಿ ‘ಬಿದ್ದದ್ದು ಎನ್ನುತ್ತಾರೆ, ಗುರುತು ಹೊಂದುವುದಿಲ್ಲ’ ಎಂದು ಸೇರಿಸಿದರು.

ಗಂಡ ಆ ಸಾಲನ್ನು ಯಾರಿಂದಲೋ ಓದಿಸಿಕೊಂಡು ನೇರ ಮಾಲೀಕರ ಬಳಿಗೆ ಹೋದ. ಮಾಲೀಕರು ಒಳಗೆ ಬಂದರು.

“ಮೇಡಂ, ಒಂದು ಸಾಲು ತಗದ್ರ ಏನಾಗತೈತ್ರಿ?”

“ನಿಮಗೇನೂ ಆಗಂಗಿಲ್ರಿ.”

“ಗಾಯ ಐತಿ ಅಂತ ಖಾತ್ರಿ ಅದೀರೇನು?”

“ಇಲ್ಲ. ಖಾತ್ರಿ ಇದ್ದಿದ್ರ ಆಂಬುಲೆನ್ಸ್ ಕರೀತಿದ್ದೆ. ಖಾತ್ರಿ ಇಲ್ಲ, ಅದಕ್ಕ ಮನಿಗೆ ಕಳಿಸಬ್ಯಾಡ್ರಿ ಅಂತೀನಿ.”

ಮಾಲೀಕರಿಗೆ ಮೊದಲನೆಯ ಪದವಷ್ಟೇ ಕೇಳಿಸಿತು. ಮೇಡಂ ರಜೆ ಹಾಕಿದ ದಿನಗಳಲ್ಲಿ ನಮ್ಮ ಚಿತ್ರಗಳು ಇಂಟರ್ನೆಟ್ಟಿನಲ್ಲಿ ದೂರದ ಊರಿನ ಒಬ್ಬ ಡಾಕ್ಟರಿಗೆ ಹೋಗುತ್ತಿದ್ದವು. ಅಂದು ಮೇಡಂ ಅಲ್ಲೇ ಕುಳಿತಿರುವಾಗ, ಆಫೀಸಿನ ಕಂಪ್ಯೂಟರಿನಿಂದ ಅವೇ ಚಿತ್ರಗಳನ್ನು ಕಳಿಸಿ ಎರಡನೇ ವರದಿ ತರಿಸಿದರು. ಅಂಗಗಳಿಗೆ ಗಾಯವಿಲ್ಲ, ಸ್ವಲ್ಪ ದ್ರವವಿದೆ, ಈ ವಯಸ್ಸಿನ ಹೆಂಗಸರಲ್ಲಿ ಅದು ಸಹಜ ಎಂದಿತ್ತು. ಕೊನೆಯಲ್ಲಿ ‘ನಾರ್ಮಲ್’ ಎಂದಿತ್ತು.

ಮೇಡಂ ಅದನ್ನು ನಿಂತೇ ಓದಿದರು. “ಹೆಂಗಸರಿಗೆ ಕೆಳಗ, ಗರ್ಭಕೋಶದ ಹಿಂದ ಸ್ವಲ್ಪ ನೀರು ಇರತೈತಿ, ಖರೆ. ನೆರಿಗಿ ನಡುವ ಇರಂಗಿಲ್ಲ. ಇವನು ಹೆಂಗಸು ಅಂತ ಓದ್ಯಾನ, ಚಿತ್ರ ನೋಡಿಲ್ಲ” ಎಂದರು. ಕೇಳುವವರು ನಾನೊಬ್ಬಳೇ ಇದ್ದೆ. ಅಷ್ಟರಲ್ಲಿ ಗಂಡ, ಅತ್ತೆ ಅವಳನ್ನು ಕರೆದುಕೊಂಡು ಹೊರಟಿದ್ದರು. ಮೇಡಂ ಗೇಟಿನವರೆಗೆ ಹೋಗಿ ಅತ್ತೆಗೆ ಹೇಳಿದರು: ಹೊಟ್ಟೆ ಬಿಗಿದರೆ, ವಾಂತಿಯಾದರೆ, ಜ್ವರ ಬಂದರೆ ಒಂದು ಗಳಿಗೆಯೂ ಕಾಯಬೇಡಿ. “ಆತು ಬಿಡ್ರಿ ಡಾಕ್ಟರಮ್ಮ, ನಾಳಿ ನೋಡೋಣಂತ” ಎಂದಳು ಅತ್ತೆ. ಹಿಂದೆ ನಿಂತಿದ್ದ ಕೌಂಟರಿನವರು ಮುಖ ತಿರುಗಿಸಿ ನಕ್ಕರು.

ಮರುದಿನ ಬೆಳಿಗ್ಗೆ ಮೇಡಂ ಸ್ವೆಟರ್ ಹಾಕಿಕೊಳ್ಳಲಿಲ್ಲ, ಪರದೆ ಹಚ್ಚಲಿಲ್ಲ. “ಏ ಹಡಗಲಿ, ಬಾ” ಎಂದು ತಮ್ಮ ಹಳೆಯ ಕಾರಿನ ಕಡೆ ನಡೆದರು. ಕಾರು ಅರಸೀಕೆರೆಯ ದಾರಿ ಹಿಡಿದಾಗ ಎಲ್ಲಿಗೆಂದು ಗೊತ್ತಾಯಿತು.

ಆ ಮನೆಯ ಪಡಸಾಲೆಯಲ್ಲಿ ಅವಳನ್ನು ಚಾಪೆಯ ಮೇಲೆ ಮಲಗಿಸಿದ್ದರು. ಓಣಿಯ ಒಬ್ಬ ವಯಸ್ಸಾದ ಹೆಂಗಸು ಹರಳೆಣ್ಣೆ ಹಚ್ಚಿ ಅವಳ ಹೊಟ್ಟೆ ತಿಕ್ಕುತ್ತಿದ್ದಳು. ಹೊಟ್ಟೆನೋವು ಬಂದರೆ ಬಟ್ಟಿ ಸರಿದಿದೆ, ಅಂದರೆ ಹೊಕ್ಕುಳು ಜಾಗ ಬಿಟ್ಟಿದೆ ಎನ್ನುವುದು, ಅದನ್ನು ತಿಕ್ಕಿ ಜಾಗಕ್ಕೆ ತರುವುದು ನಮ್ಮ ಕಡೆಯ ರೂಢಿ. ರಾತ್ರಿಯೆಲ್ಲ ವಾಂತಿ ಮಾಡಿಕೊಂಡಿದ್ದಳಂತೆ. ತುಟಿ ಒಣಗಿತ್ತು. ಪ್ರತಿ ಸಲ ಕೈ ಹೊಟ್ಟೆಯ ಮೇಲೆ ಬಂದಾಗ ಕಾಲಿನ ಬೆರಳು ಮಡಚುತ್ತಿದ್ದಳು. ಕೂಗುತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ಒಂದು ಸಣ್ಣ ಹೆಣ್ಣುಮಗು ನಿಂತಿತ್ತು.

ಗಂಡ ಎದ್ದು ಬಂದ. “ಏನ್ ಮೇಡಂ, ಮನಿತನಕ ಬಂದೀರಿ? ಸ್ಕ್ಯಾನ್ ಮಷಿನ್ ತಂದೀರೇನು ಕಾರಿನ್ಯಾಗ?”

ಮೇಡಂ ಚಾಪೆಯ ಪಕ್ಕ ಕುಳಿತು, ಎಣ್ಣೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಅವರು ರೋಗಿಯೊಬ್ಬರನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಕಡೆ ತಿರುಗಿ, “ಹಲಗಿ” ಎಂದರು. ಹೊಟ್ಟೆ ಹಲಗೆಯಾಗಿದ್ದರೆ ಕರುಳು ಒಡೆದು ಒಳಗೆಲ್ಲ ನಂಜು ಹರಡಿದೆ ಎಂದರ್ಥ. ಇನ್ನು ಉಳಿದದ್ದು ದಾವಣಗೆರೆಯ ದಾರಿ, ಮತ್ತು ಸ್ವಲ್ಪ ಹೊತ್ತು.

“ಇವರನ್ನ ಈಗ ದಾವಣಗೆರಿಗೆ ಒಯ್ಯಬೇಕು. ಆಪರೇಷನ್ ಆಗಬೇಕು.”

“ಯಾಕ?” ಗಂಡ ಕಿಸೆಯಿಂದ ಎರಡನೇ ವರದಿ ತೆಗೆದ. “ನಿಮ್ಮ ಸೆಂಟರಿಂದನ ಕೊಟ್ಟಾರ. ನಾರ್ಮಲ್ ಐತಿ. ಬಟ್ಟಿ ಸರದೈತಿ, ತಿಕ್ಕಾಕ ಹತ್ಯಾರ, ಹೋಗತೈತಿ.”

ಮೇಡಂ ಅವನ ಕೈಯ ಹಾಳೆ ನೋಡಿದರು, ಚಾಪೆ ನೋಡಿದರು. ಒಂದು ಸುಳ್ಳು ಪದ ಬರೆಯಲೊಲ್ಲದೆ ಊರವರಿಂದೆಲ್ಲ ಬೈಸಿಕೊಂಡ ಹೆಂಗಸು ಶಾಂತವಾಗಿ ಹೇಳಿದರು:

“ಹೌದು. ಬಟ್ಟಿನ ಸರದೈತಿ. ಆದ್ರ ಸರದು ಕರುಳಿನ ಒಳಗ ಸಿಕ್ಕೊಂಡೈತಿ. ಇನ್ನ ತಿಕ್ಕಿದ್ರ ಕರುಳು ಹರೀತೈತಿ. ದಾವಣಗೆರ್ಯಾಗ ಹೊಟ್ಟಿ ತಗದು ಕೂಡಸಬೇಕು.”

ತಿಕ್ಕುತ್ತಿದ್ದ ಹೆಂಗಸು ಕೈ ಹಿಂದಕ್ಕೆ ಎಳೆದುಕೊಂಡಳು. “ನಾನೂ ಅದನ್ನ ಅಂದೆ, ಹೌದಲ್ಲೇನವ್ವ? ಬಟ್ಟಿ ಕೈಗ ಸಿಗವಲ್ದು ಅಂತ ಆಗಿಂದ ಹೇಳಾಕ ಹತ್ತೀನಿ. ಡಾಕ್ಟರಮ್ಮಗ ತಿಳೀತು ನೋಡ್ರಿ” ಎಂದಳು. ಅತ್ತೆ ಎದ್ದು ಸೀರೆ ಗಂಟು ಕಟ್ಟತೊಡಗಿದಳು. ಚಿತ್ರ, ವರದಿ, ಓದು ಯಾವುದೂ ಮಾಡದ ಕೆಲಸವನ್ನು ಆ ಒಂದು ಸುಳ್ಳು ಮಾಡಿತ್ತು.

ಗಂಡ ಮಾತ್ರ ಬಾಗಿಲಿಗೆ ಅಡ್ಡ ನಿಂತೇ ಇದ್ದ. ಅವನು ಬಟ್ಟಿಯನ್ನು ನಂಬಿರಲಿಲ್ಲ. ಮೇಡಂ ಏನು ಮಾಡುತ್ತಿದ್ದಾರೆ ಎಂದು ಅಲ್ಲಿ ಅರ್ಥವಾದದ್ದು ಅವನೊಬ್ಬನಿಗೆ.

“ದಾವಣಗೆರ್ಯಾಗ ಕೇಳ್ತಾರ, ಹೆಂಗಾತು ಅಂತ.”

“ಕೇಳ್ತಾರ.”

“ನೀವ ಹೇಳ್ರಿ. ಈಗ, ಇಲ್ಲಿಂದನ. ಸ್ಪೀಕರ್ ಹಾಕ್ರಿ. ಆಮ್ಯಾಲ ಒಯ್ಯೋಣು.”

ಮೇಡಂ ಅಂಗೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಫೋನು ತೆಗೆದು, ದಾವಣಗೆರೆಯಲ್ಲಿ ಶಸ್ತ್ರವೈದ್ಯರಾಗಿದ್ದ ತಮ್ಮ ಸಹಪಾಠಿಗೆ ಮಾಡಿದರು. ಸ್ಪೀಕರ್ ಹಾಕಿದರು. ಕರುಳು ಒಡೆದಿದೆ, ಆಪರೇಷನ್ ಕೋಣೆ ಸಿದ್ಧ ಮಾಡಿಸಿ ಎಂದರು. ಅತ್ತಲಿಂದ, “ಪೆಟ್ಟು ಹೇಗಾಯ್ತು?” ಎಂದು ಸಹಪಾಠಿಯ ದನಿ ಕೇಳಿತು.

ಮೇಡಂ ಮಲಗಿದ್ದವಳನ್ನು ನೋಡಿದರು. ಅವಳ ಕಣ್ಣುಗಳು ತೆರೆದಿದ್ದವು.

“ಬಚ್ಚಲಲ್ಲಿ ಬಿದ್ದಿದ್ದಾಳೆ.”

“ಖಾತ್ರಿನಾ? ಹೊಡೆತ ಅಲ್ವಲ್ಲ?”

“ನಾನೇ ಕೇಳಿದ್ದೀನಿ. ಬಿದ್ದಿದ್ದಾಳೆ.”

ಗಂಡ ಬಾಗಿಲು ಬಿಟ್ಟ. ಅವನೇ ಅವಳನ್ನು ಎತ್ತಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ, ಜೋಪಾನವಾಗಿ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅವನು ಮುಂದೆ ಮೇಡಂ ಪಕ್ಕ ಕುಳಿತ. ಅರ್ಧ ದಾರಿಯಲ್ಲಿ, “ಗಾಡಿ ಚಲೋ ಇಟಗೊಂಡೀರಿ ಮೇಡಂ” ಎಂದ.

ಆಪರೇಷನ್ ಆಯಿತು. ನೆರಿಗೆ ಹರಿದು, ರಕ್ತ ಸಿಗದೆ ಸತ್ತಿದ್ದ ಕರುಳಿನ ಒಂದು ತುಂಡನ್ನು ತೆಗೆದರು. ಬದುಕಿದಳು.

ಮೇಡಂ ಬರೆದದ್ದೇ ನಿಜವೆಂದು ಗೊತ್ತಾದ ಮೇಲೆ ಮಾಲೀಕರು ಅವರನ್ನು ಇಟ್ಟುಕೊಳ್ಳಲಿಲ್ಲ. ಇದು ಅಸಂಗತ ಅನ್ನಿಸಬಹುದು. ಹತ್ತಿರದಿಂದ ನೋಡಿದರೆ ಅಲ್ಲ. ಒಂದೇ ಸೆಂಟರಿನಿಂದ ಎರಡು ವರದಿ ಹೋಗಿದ್ದವು. ಸುಳ್ಳಾದದ್ದು ಮಾಲೀಕರು ತರಿಸಿದ್ದು. ಸರಿ ಬರೆದವರು ದಿನವೂ ಕಣ್ಣೆದುರು ಓಡಾಡುವುದು ಯಾರಿಗೆ ಬೇಕು? ರೋಗಿಯ ಮನೆಗೆ ಹೋಗಿ ಸೆಂಟರಿನ ಮರ್ಯಾದೆ ತೆಗೆದರು ಎಂಬುದು ಹೊರಗೆ ಹೇಳಿದ ಕಾರಣ. ಅಂದಿನಿಂದ ಎಲ್ಲ ಚಿತ್ರಗಳೂ ದೂರದ ಆ ಡಾಕ್ಟರಿಗೇ ಹೋಗುತ್ತಿವೆ. ವರದಿ ಬೇಗ ಬರುತ್ತದೆ. ಜಗಳವಿಲ್ಲ.

ಕೊನೆಯ ದಿನ ಅವರು ಸ್ವೆಟರ್ ಮಡಚಿ ಚೀಲಕ್ಕೆ ಹಾಕಿಕೊಳ್ಳುವಾಗ ಕೇಳಿದೆ, “ಬಿದ್ದಾಳೆ ಅಂತ ಯಾಕೆ ಅಂದ್ರಿ ಮೇಡಂ? ಆಸ್ಪತ್ರೆಗೆ ಸೇರಿಸಿದ ಮೇಲಾದರೂ ನಿಜ ಹೇಳಬಹುದಿತ್ತಲ್ಲ.”

“ಹೇಳಿದ್ರ ಅವನು ಮಗಳನ್ನ ಇಟಗೊಂಡು ಕುಂತಿರತಿದ್ದ. ಹೇಳೋದು ಆಕಿ ಮಾತು, ನಂದಲ್ಲ. ಜೀವ ಇದ್ರ ನಾಳಿ ಆಕಿನ ಹೇಳ್ತಾಳ.”

ಚೀಲದ ಜಿಪ್ಪು ಸಿಕ್ಕಿಹಾಕಿಕೊಂಡಿತು. ಅದನ್ನು ಎಳೆಯುತ್ತ ನಿಂತರು. ಬಹಳ ಹೊತ್ತು ಎಳೆದರು.

ಆಮೇಲೆ ಕೊಟ್ಟೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಬಸುರಿಯರ ಸ್ಕ್ಯಾನ್ ಮಾಡುತ್ತಿದ್ದರು. ಅಪಘಾತದ ಚಿತ್ರ ತಂದವರನ್ನು ಬಾಗಿಲಿಂದಲೇ ವಾಪಸು ಕಳಿಸುತ್ತಿದ್ದರಂತೆ. ಆಗಾಗ ನನಗೆ ಫೋನು ಮಾಡುತ್ತಿದ್ದರು. ಯಂತ್ರ ಹೇಗಿದೆ, ಕೂಡ್ಲಿಗಿ ಮದುವೆಯಾದಳೋ ಎಂದು ಕೇಳಿ, ಇಡುವ ಮೊದಲು ಪ್ರತಿ ಸಲವೂ, “ಆಕಿ ಬಂದಿದ್ಲೇನು?” ಎನ್ನುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಹೃದಯ ನಿಂತು ತೀರಿಕೊಳ್ಳುವ ಸ್ವಲ್ಪ ಮೊದಲು ಕೇಳಿದಾಗಲೂ ಇಲ್ಲ ಎಂದೆ.

ಬಂದಿದ್ದಳು.

ಅತ್ತೆಯೇ ಕರೆತಂದಿದ್ದಳು. ಮತ್ತೆ ಹೊಟ್ಟೆನೋವು, ಮತ್ತೆ ಬಚ್ಚಲು. ಮೈ ಅರ್ಧಕ್ಕೆ ಇಳಿದಿತ್ತು. ನಾನು ಅತ್ತೆಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದೆ. ಮೇಡಂ ಕೇಳುತ್ತಿದ್ದ ಪ್ರಶ್ನೆಯನ್ನು ಅವರಷ್ಟೇ ಒಣಗಿದ ದನಿಯಲ್ಲಿ ಕೇಳಲು ಯತ್ನಿಸಿದೆ. ಆಪರೇಷನ್ ಗೆರೆಯ ಪಕ್ಕ ಹೊಸ ನೀಲಿ ಇತ್ತು.

“ಬಿದ್ದೆ ಅಂತ ಬರಕೋರಿ,” ಎಂದಳು.

“ಇಲ್ಲಿ ಯಾರೂ ಇಲ್ಲ. ನಾನು ಪೊಲೀಸರಿಗೆ ತಿಳಿಸ್ತೀನಿ.”

“ತಿಳಿಸ್ರಿ. ಬಂದು ಕೇಳ್ತಾರ. ಇವರು ದಾವಣಗೆರಿ ಕಾಗದ ತೋರಸ್ತಾರ. ಅದರಾಗ ಡಾಕ್ಟರಮ್ಮನ ಹೇಳ್ಯಾರ, ಬಿದ್ದಾಳ ಅಂತ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದೂರೂ ಇರಲಿಲ್ಲ. “ಆ ದಿನ ನನಗ ಎಚ್ಚರ ಇತ್ತು ಅಕ್ಕಾರ. ದವಾಖಾನ್ಯಾಗ ಕೇಳಿದ್ರ ಹೇಳಬೇಕಂತ ಕಾರಿನ್ಯಾಗ ಮಾತು ಕೂಡಸಿಕೊಂತ ಬಂದಿದ್ದೆ, ನಿಮ್ಮ ತೊಡಿಮ್ಯಾಲ ಮಲಗಿ. ಯಾರೂ ಕೇಳಲಿಲ್ಲ. ದೊಡ್ಡ ಡಾಕ್ಟರು ಹೇಳಿದಮ್ಯಾಲ ಯಾಕ ಕೇಳ್ತಾರ?”

ನಾನು ಕೈಯಲ್ಲಿದ್ದ ಫಾರಂ ಪಕ್ಕಕ್ಕಿಟ್ಟೆ.

“ಈಗ ಊರಾಗ ನನಗ ಬೀಳೋ ರೋಗ ಐತಿ ಅಂತಾರ. ತಲಿ ತಿರುಗತೈತಿ, ಬೀಳತಾಳ ಅಂತ. ನಮ್ಮವ್ವನೂ ಹಂಗ ಅಂತಾಳ. ತಾಯತ ಕಟ್ಟಿಸ್ಯಾಳ, ನೋಡ್ರಿ.” ತೋಳು ತೋರಿಸಿದಳು. “ಡಾಕ್ಟರಮ್ಮ ಹೆಂಗದಾರ? ಅವರ ಮ್ಯಾಲ ಸಿಟ್ಟಿಲ್ಲ ನನಗ. ಜೀವ ಉಳಿಸ್ಯಾರ. ಉಳಿಸಿ, ಆ ಮನಿಗೇ ಕಳಿಸ್ಯಾರ.”

ಚೆನ್ನಾಗಿದ್ದಾರೆ ಎಂದೆ. ಅವಳನ್ನು ಮೇಜಿನ ಮೇಲೆ ಸರಿಯಾಗಿ ಮಲಗಿಸಿ, ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸಿ, ಗಾಜಿನ ಈಚೆಗೆ ಬಂದೆ. ಮೇಜು ಯಂತ್ರದೊಳಗೆ ಸರಿಯಿತು. ಉಸಿರು ಹಿಡಿಯಿರಿ ಎಂದು ಮೈಕಿನಲ್ಲಿ ಹೇಳಬೇಕು. ಹೇಳಲು ಬಾಯಿ ತೆರೆದು ಗಾಜಿನಾಚೆ ನೋಡಿದೆ. ಅವಳು ಆಗಲೇ ಹಿಡಿದಿದ್ದಳು.